ಹನ್ನೆರಡನೆಯ ಬೂಚ

ಅರಸೀಕೆರೆಯ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ, ಒಂದು ಮೊಬೈಲ್ ರಿಪೇರಿ ಅಂಗಡಿಗೂ ಒಂದು ಬೇಕರಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಇಂದ್ರೇಶನ ಗ್ರಾಫಿಕ್ಸ್ ಅಂಗಡಿ ಇದೆ. ಅದರ ಒಳಗಡೆ, ಫ್ಯಾನಿನ ಗಾಳಿ ತಲುಪದ ಮೂಲೆಯಲ್ಲಿ, ಕಂಪ್ಯೂಟರಿನ ಮುಂದೆ ಕೂತವನೇ ಬೂಚಪ್ಪ. ವಯಸ್ಸು ಇಪ್ಪತ್ತೇಳು. ಹೆಸರು ಕೇಳಿದವರು ಎಪ್ಪತ್ತೆರಡು ಎಂದು ಲೆಕ್ಕ ಹಾಕಿಕೊಂಡು ಒಳಗೆ ಬಂದು, ಬೂಚಪ್ಪನವರು ಇಲ್ಲವೇ ಎಂದು ಅವನನ್ನೇ ಕೇಳುತ್ತಾರೆ. ಕೆಲಸ ಜಾಸ್ತಿ ಇದ್ದ ದಿನ, ಊಟಕ್ಕೆ ಹೋಗಿದ್ದಾರೆ ಎಂದು ಅವನು ಹೇಳಿ ಕಳಿಸಿದ್ದೂ ಉಂಟು.

ಬೇರೆಯವರ ಹೆಸರು ಬರೆಯುವುದೇ ಅವನ ಹೊಟ್ಟೆಪಾಡು. ಮದುವೆಯಾಗುವವರ ಹೆಸರು, ಗೃಹಪ್ರವೇಶ ಮಾಡುವವರ ಹೆಸರು, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕ ಹಾಕಿ ನಿಂತ ಯುವ ಮುಖಂಡರ ಹೆಸರು, ಆ ಮುಖಂಡರ ಅಪ್ಪ ತೀರಿಕೊಂಡಾಗ ಶ್ರದ್ಧಾಂಜಲಿಯಲ್ಲಿ ಅಪ್ಪನ ಹೆಸರಿಗಿಂತ ದಪ್ಪಗೆ ಮತ್ತೆ ಮುಖಂಡರದೇ ಹೆಸರು. ಐದು ವರ್ಷದಲ್ಲಿ ತಾಲ್ಲೂಕಿನ ಅರ್ಧ ಜನ ಅವನ ಬೆರಳಿನಡಿ ಹಾದುಹೋಗಿರಬೇಕು. ಅಷ್ಟು ಜನರಲ್ಲಿ ಇನ್ನೊಬ್ಬ ಬೂಚಪ್ಪ ಸಿಕ್ಕಿರಲಿಲ್ಲ.

ಎರಡನೇ ಕ್ಲಾಸಿನಲ್ಲಿದ್ದಾಗ ಹುಡುಗರು ಬಾಟಲಿಯ ಬೂಚು ಎಂದು ರೇಗಿಸಿದರೆಂದು ಅಳುತ್ತ ಮನೆಗೆ ಬಂದವನಿಗೆ ಅಪ್ಪ ಕರಿಯಪ್ಪ ಸಮಾಧಾನ ಹೇಳಿದ್ದರು. ಅದು ನಮ್ಮ ತಾತನ ಹೆಸರು, ವಂಶದ ಹೆಸರು, ಎಲ್ಲರಿಗೂ ಸಿಕ್ಕುವಂಥದಲ್ಲ ಎಂದಿದ್ದರು. ಹುಡುಗ ಅಳು ನಿಲ್ಲಿಸಿದ. ಅಂದಿನಿಂದ ಆ ಹೆಸರನ್ನು ಮನೆಯ ಹಳೇ ತಾಮ್ರದ ಹಂಡೆಯ ಹಾಗೆ ಕಾಪಾಡಿಕೊಂಡು ಬಂದ: ಬಳಸಲು ನಾಚಿಕೆ, ಬಿಸಾಡಲು ಮನಸ್ಸಿಲ್ಲ.

ಹಾರನಹಳ್ಳಿಯ ಆ ಮನೆಯಲ್ಲಿ ಹೆಸರಿನ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಅಜ್ಜಿ ಹುಚ್ಚಮ್ಮನದು. ಅವಳ ಗಂಡನ ಹೆಸರು ಕಲ್ಲೇಶಪ್ಪ. ತಾತ ತೀರಿಕೊಂಡು ಮೂವತ್ತು ವರ್ಷವಾದರೂ ಅಜ್ಜಿ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಹೆಸರಿರಲಿ, ಕಲ್ಲು ಎಂಬ ಮಾತನ್ನೇ ಅವಳು ಮದುವೆಯ ದಿನ ಬಿಟ್ಟಿದ್ದಳು. ಬೀಸುವ ಕಲ್ಲು ಅವಳಿಗೆ ಬರೀ ‘ಬೀಸೋದು’. ಕಲ್ಲುಸಕ್ಕರೆ ‘ಗಟ್ಟಿಸಕ್ಕರೆ’. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಮಾತ್ರ ಅವಳಿಗೆ ಬೇರೆ ದಾರಿ ಇರಲಿಲ್ಲ. “ಅವ್ರು ಸಿಕ್ಕವ್ರೆ, ನೋಡ್ಕಂಡು ಅಗೀರಿ” ಎಂದು ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದಳು. ಗಂಡನಿಗೆ ಮಾತ್ರವಲ್ಲ, ಗಂಡನ ಅಪ್ಪನಿಗೂ ಇದೇ ಮರ್ಯಾದೆ. ಯಾಕೋ ಏನೋ, ಕೆಂಪು ಬಣ್ಣವನ್ನೂ ಅವಳು ಕುಂಕುಮದ ಬಣ್ಣ ಎನ್ನುತ್ತಿದ್ದಳು. ಒಣಮೆಣಸಿನಕಾಯಿ ತರಲು ಅಂಗಡಿಗೆ ಕಳಿಸಿದರೆ, ‘ಕುಂಕುಮದ ಬಣ್ಣದ ಮೆಣಸಿನಕಾಯಿ’ ಎಂದು ಕೇಳಿ ಬೂಚಪ್ಪ ಚಿಕ್ಕಂದಿನಲ್ಲಿ ನಗೆಪಾಟಲಾಗಿದ್ದ. ಇದೆಲ್ಲ ಅವನಿಗೆ ಮನೆಯ ತಮಾಷೆಯಾಗಿತ್ತೇ ಹೊರತು, ಅದರಲ್ಲಿ ತನಗೆ ಸಂಬಂಧಪಟ್ಟದ್ದೇನಾದರೂ ಇದ್ದೀತು ಎಂದು ಹೊಳೆದಿರಲಿಲ್ಲ. ಅಕ್ಷರ ಜೋಡಿಸಿ ಸಂಬಳ ಎಣಿಸುವವನಿಗೆ ಇಷ್ಟನ್ನು ಜೋಡಿಸಿಕೊಳ್ಳಲು ಇಪ್ಪತ್ತೇಳು ವರ್ಷ ಸಾಕಾಗಲಿಲ್ಲ.

ಕಳೆದ ವರ್ಷ ಗಂಡಸಿ ಎಂಬ ಊರಿನ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದರು. ಶಿಲ್ಪಾ ಎಂಬ ಆ ಹುಡುಗಿ ಕಾಫಿ ಲೋಟ ಕೊಡುತ್ತ ನಗು ತಡೆಯಲಾರದೆ, ಹೆಸರು ಕೇಳಿ ಯಾರೋ ಎರಡನೇ ಸಂಬಂಧಕ್ಕೆ ಬರುತ್ತಿದ್ದಾರೆ ಅಂದುಕೊಂಡಿದ್ದೆವು ಎಂದಳು. ಆ ಸಂಬಂಧ ಕೂಡಲಿಲ್ಲ. ಹೆಸರೊಂದೇ ಕಾರಣ ಎನ್ನಲಾಗದು, ಸಂಬಳದ ಪಾಲೂ ಇತ್ತು. ಆದರೆ ಸಂಬಳಕ್ಕಿಂತ ಹೆಸರು ಬದಲಾಯಿಸುವುದು ಸುಲಭ. ಊರಿಗೆಲ್ಲ ಹೆಸರು ಬದಲಾವಣೆಯ ಅಫಿಡವಿಟ್ ಟೈಪ್ ಮಾಡಿಕೊಡುವವನು ತನಗೂ ಒಂದು ಮಾಡಿಕೊಂಡ. ‘ಬೂಚಪ್ಪ ಬಿನ್ ಕರಿಯಪ್ಪ ಆದ ನಾನು ಇನ್ನು ಮುಂದೆ ಭುವನ್ ಎಂದು ಕರೆಯಲ್ಪಡತಕ್ಕದ್ದು.’ ಫೈಲಿಗೆ ‘ಭುವನ್ ಫೈನಲ್’ ಎಂದು ಹೆಸರಿಟ್ಟು, ಛಾಪಾ ಕಾಗದ ತರಲು ಒಳ್ಳೆಯ ವಾರಕ್ಕಾಗಿ ಕಾಯುತ್ತಿದ್ದ.

ಆ ವಾರದಲ್ಲೇ ಚನ್ನಬಸವಯ್ಯ ಮೇಷ್ಟ್ರು ಅಂಗಡಿಗೆ ಬಂದರು. ಇತಿಹಾಸ ಪಾಠ ಹೇಳಿ ನಿವೃತ್ತರಾದವರು, ಊರಿನಲ್ಲಿ ಎಲ್ಲ ಕಲ್ಲುಗಳ ಪರಿಚಯ ಇರುವವರು. ಕಂಕುಳಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ಪುಸ್ತಕ ಮಾಡಬೇಕು, ಅಕ್ಷರ ಜೋಡಣೆ ಯಾರು ಮಾಡುತ್ತಾರೆ ಎಂದು ಇಂದ್ರೇಶನನ್ನು ಕೇಳಿದರು. ಇಂದ್ರೇಶ ಒಳಗೆ ತಿರುಗಿ ಎಂದಿನಂತೆ ಕೂಗಿದ, “ಲೋ ಬೂಚಪ್ಪಾ, ಬಾರೋ ಇಲ್ಲಿ.”

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬಂದು ನಿಂತವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕಟ್ಟಿನ ದಾರ ಬಿಚ್ಚಿ ಮೊದಲ ಹಾಳೆ ತೋರಿಸಿದರು. ‘ಬೂಚ: ಒಂದು ಹೆಸರಿನ ಎಂಟು ಶತಮಾನ’ ಎಂದಿತ್ತು.

ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ, ವಿಗ್ರಹಗಳ ಪೀಠದಲ್ಲಿ ಎಲ್ಲೆಲ್ಲಿ ಬೂಚ ಎಂಬ ಹೆಸರು ಸಿಕ್ಕಿತ್ತೋ ಅಲ್ಲೆಲ್ಲ ಹೋಗಿ, ಒಬ್ಬೊಬ್ಬನ ಬಗ್ಗೆ ಗೊತ್ತಾದಷ್ಟನ್ನೂ ಮೇಷ್ಟ್ರು ಬರೆದಿದ್ದರು. ಒಟ್ಟು ಹನ್ನೊಂದು ಜನ. ಕೋರವಂಗಲದಲ್ಲಿ ಗುಡಿ ಕಟ್ಟಿಸಿ ದೇವರಿಗೇ ತನ್ನ ಹೆಸರಿಟ್ಟ ದೊಡ್ಡ ಮನುಷ್ಯ ಮೊದಲನೆಯವನು. ಎರಡನೆಯವನು ಒಂದು ಕೆರೆ ಏರಿಯ ವೀರಗಲ್ಲಿನಲ್ಲಿದ್ದ. ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನು. ದೇವರ ದೀಪಕ್ಕೆ ಎಣ್ಣೆ ಕೊಟ್ಟ ಗಾಣಿಗ ಬೂಚ ಒಬ್ಬ. ಗಡಿಕಲ್ಲು ಸರಿಸಿ ಸಿಕ್ಕಿಬಿದ್ದು, ದಂಡ ಕಟ್ಟಿದ್ದರಿಂದಲೇ ಅಮರನಾದವನು ಇನ್ನೊಬ್ಬ. ಬೂಚಪ್ಪನಿಗೆ ಬಹಳ ಹಿಡಿಸಿದ್ದು ಏಳನೆಯವನು. ಯಾರೋ ಯಾರಿಗೋ ಭೂಮಿ ದಾನ ಕೊಡುವಾಗ ಅವನು ಸಾಕ್ಷಿಯಾಗಿ ಪಕ್ಕದಲ್ಲಿ ನಿಂತಿದ್ದ. ಅವನ ಬಗ್ಗೆ ಲೋಕಕ್ಕೆ ತಿಳಿದದ್ದು ಅಷ್ಟೇ. ಏಳುನೂರು ವರ್ಷ ಉಳಿಯಲು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರೆ ಸಾಕು ಎಂದು ತಿಳಿದು ಬೂಚಪ್ಪನಿಗೆ ಧೈರ್ಯ ಬಂತು, ಏಕೆಂದರೆ ಆ ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಭಾನುವಾರಗಳಲ್ಲಿ ಬೂಚಪ್ಪ ತನ್ನ ಬೈಕಿನಲ್ಲಿ ಮೇಷ್ಟ್ರನ್ನು ಕೂರಿಸಿಕೊಂಡು ಫೋಟೋ ತೆಗೆಯಲು ಹೋಗತೊಡಗಿದ. ಹಳೇಬೀಡಿನ ಹಿಂದಿನ ಹೊಲಗಳಲ್ಲಿ ಮುಳ್ಳು ಸರಿಸಿದ. ಬೇಲೂರಿನಲ್ಲಿ ಒಂದು ವಿಗ್ರಹದ ಕಾಲಡಿಯ ಎರಡಕ್ಷರಕ್ಕಾಗಿ ಅರ್ಧ ಗಂಟೆ ಮೊಬೈಲಿನ ಬೆಳಕು ಹಿಡಿದು ನಿಂತ. ಪ್ರವಾಸಿಗಳು ಅವನನ್ನು ಗೈಡ್ ಎಂದುಕೊಂಡು ಪ್ರಶ್ನೆ ಕೇಳಿದರು, ಅವನು ಉತ್ತರವನ್ನೂ ಕೊಟ್ಟ. ವಾಪಸ್ ಬರುವಾಗ ಹಗರೆಯ ಹೋಟೆಲಿನಲ್ಲಿ ಟೀ ಕುಡಿಯುತ್ತ ಮೇಷ್ಟ್ರು ಅವನ ಹೆಸರಿನ ಮೂಲ ವಿಚಾರಿಸಿದರು. ಮುತ್ತಜ್ಜನದು ಎಂದ. ಅಜ್ಜನ ಹೆಸರು ಮೊಮ್ಮಗನಿಗೆ, ಮುತ್ತಜ್ಜನದು ಮರಿಮಗನಿಗೆ ಹೀಗೆಯೇ ಇಳಿದು ಬಂದಿರುತ್ತದೆ ಎಂದು ಮೇಷ್ಟ್ರು ತಾವೇ ಮುಂದುವರಿಸಿದರು.

“ಕೊನೇ ಅಧ್ಯಾಯ ನಿಂದು ಕಣಪ್ಪ” ಎಂದರು. “ಸತ್ತ ಹನ್ನೊಂದು ಜನರ ಕೊನೆಗೆ ಬದುಕಿರೋ ಒಬ್ಬ ಇರಬೇಕು. ಬಿಡುಗಡೆ ದಿನ ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸ್ತೀನಿ. ಇದು ನನ್ನ ಮಾತು.”

ಸೋಮವಾರ ಅಂಗಡಿಗೆ ಬಂದ ಕೂಡಲೇ ಬೂಚಪ್ಪ ಮಾಡಿದ ಮೊದಲ ಕೆಲಸ ‘ಭುವನ್ ಫೈನಲ್’ ಫೈಲನ್ನು ಅಳಿಸಿದ್ದು.

ಆಮೇಲಿನ ಎರಡು ತಿಂಗಳು ಅವನು ಮಾಡಿಕೊಂಡದ್ದನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ಹನ್ನೆರಡನೆಯ ಅಧ್ಯಾಯ ಬಂದಾಗ ತನ್ನ ಬಗ್ಗೆ ಬರೆದ ಆರು ಪುಟಗಳನ್ನು ತಾನೇ ಟೈಪ್ ಮಾಡಿದ. ‘ಇಂದಿಗೂ ಹಾರನಹಳ್ಳಿಯಲ್ಲಿ ಈ ಹೆಸರು ಉಸಿರಾಡುತ್ತಿದೆ’ ಎಂಬ ವಾಕ್ಯ ಬಂದಾಗ ಕೈ ನಿಲ್ಲಿಸಿ ಎರಡು ಸಲ ಉಸಿರಾಡಿ ನೋಡಿಕೊಂಡ. ಬೇರೆಯವರ ಅಧ್ಯಾಯಗಳಿಗಿಂತ ತನ್ನದರ ಶೀರ್ಷಿಕೆಯನ್ನು ಯಾರಿಗೂ ಗೊತ್ತಾಗದಷ್ಟು ದೊಡ್ಡದು ಮಾಡಿದ. ಬಿಡುಗಡೆಯ ಫ್ಲೆಕ್ಸನ್ನು ಯಾರೂ ಕೇಳುವ ಮೊದಲೇ ಮಾಡಿಟ್ಟ. ಒಂದು ಪಕ್ಕ ಹೊಯ್ಸಳ ಲಾಂಛನ, ಇನ್ನೊಂದು ಪಕ್ಕ ಮೇಷ್ಟ್ರು, ನಡುವೆ ಬಿಳಿ ಅಂಗಿ ತೊಟ್ಟು ಕೈಕಟ್ಟಿ ನಿಂತ ತಾನು. ಆ ಬಿಳಿ ಅಂಗಿ ಫೋಟೋಕ್ಕೆಂದೇ ಕೊಂಡದ್ದು. ಬೇಕರಿಯವನಿಗೆ ಹೇಳಿದ, ಮೊಬೈಲ್ ರಿಪೇರಿಯವನಿಗೆ ಹೇಳಿದ, ಗಂಡಸಿಯ ಕಡೆಯವರು ನೋಡಲಿ ಎಂದು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದ. ಇಂದ್ರೇಶ ಮಾತ್ರ, ಶಾಲು ಬಂದಮೇಲೆ ಸಂಬಳ ಜಾಸ್ತಿ ಕೇಳಬೇಡ ಎಂದು ಮುಂಚಿತವಾಗಿ ಹೇಳಿಟ್ಟ.

ಮೇಷ್ಟ್ರಿಗೆ ಇನ್ನೊಂದೇ ಕೆಲಸ ಬಾಕಿ ಇತ್ತು. ಮನೆಯ ಹಿರಿಯರ ಬಾಯಿಂದ ಒಂದು ಮಾತು ಬರೆದುಕೊಂಡರೆ ಅಧ್ಯಾಯ ಗಟ್ಟಿಯಾಗುತ್ತದೆ ಎಂದು, ಒಂದು ಭಾನುವಾರ ಹಾರನಹಳ್ಳಿಗೆ ಬಂದರು.

ಜಗಲಿಯ ಮೇಲೆ ಚಾಪೆ ಹಾಸಿದ್ದರು. ಮೇಷ್ಟ್ರು, ಕರಿಯಪ್ಪ, ಕಂಬಕ್ಕೆ ಒರಗಿ ಅಜ್ಜಿ. ಬೂಚಪ್ಪನ ತಾಯಿ ಲಲಿತಮ್ಮ ಬಾಗಿಲಲ್ಲಿ ನಿಂತಿದ್ದರು. ಬೂಚಪ್ಪ ಬಿಳಿ ಅಂಗಿ ಹಾಕಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದ. ಮೇಷ್ಟ್ರು ನೋಟ್‌ಬುಕ್ ತೆರೆದು ಮಳೆ, ಬೆಳೆ ಎಂದೆಲ್ಲ ಮಾತಾಡಿಸಿ, ಕೊನೆಗೆ ಅಜ್ಜಿಯ ಮಾವನವರ ಹೆಸರು ಕೇಳಿದರು.

ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಅದ್ನೆಲ್ಲ ನಾನು ಯೋಳಾದುಂಟಾ ಮೇಷ್ಟ್ರೇ? ಇವ್ನ ಕೇಳಿ” ಎಂದು ಮಗನ ಕಡೆ ಕೈ ತೋರಿಸಿದಳು.

ಕರಿಯಪ್ಪ ಸೂರಿನ ಹೆಂಚು ನೋಡತೊಡಗಿದರು. ಮೇಷ್ಟ್ರಿಗೆ ಇಂಥ ಅಜ್ಜಿಯರ ಅಭ್ಯಾಸವಿತ್ತು, ನಕ್ಕು ಸುಮ್ಮನಾದರು. ಅಷ್ಟರಲ್ಲಿ ಅಜ್ಜಿ ಒಳಗಡೆ ಮುಖಮಾಡಿ, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದಳು. “ಏ ಬೂಚಾ, ಮೇಷ್ಟ್ರಿಗೆ ಮಜ್ಗೆ ತಗಂಬಾರ್ಲಾ.”

ಮೇಷ್ಟ್ರ ಪೆನ್ನು ನಿಂತಿತು.

“ಅಜ್ಜೀ, ಮಾವನವರ ಹೆಸರು ಹೇಳಲ್ಲ ಅಂತೀರಿ. ಈಗ ಹೇಳಿದಿರಲ್ಲ?”

“ಎಲ್ಲಿ ಯೋಳ್ದೆ?”

“ಬೂಚ ಅಂದಿರಲ್ಲ.”

ಅಜ್ಜಿ ಒಂದು ಗಳಿಗೆ ಅವರ ಮುಖ ನೋಡಿ, ಆಮೇಲೆ ಕೆಮ್ಮು ಬರುವ ತನಕ ನಕ್ಕಳು. “ಅಯ್ಯೋ ಶಿವ್ನೇ, ಅದು ನಮ್ ಮಾವ್ನೋರ್ ಹೆಸ್ರಲ್ಲ ಕಣಪ್ಪ. ನಮ್ ಎತ್ತಿನ ಹೆಸ್ರು.”

ಮಜ್ಜಿಗೆಯ ಲೋಟ ಹಿಡಿದು ಬಾಗಿಲಿಗೆ ಬಂದಿದ್ದ ಬೂಚಪ್ಪ ಅಲ್ಲೇ ನಿಂತ. ತಾಯಿ ಅವನ ಪಕ್ಕದಿಂದ ಸರಿದು ಒಳಗೆ ಹೋದರು.

ಮುಚ್ಚಿಡಬೇಕಾದದ್ದು ಏನಾದರೂ ಇದೆ ಎಂದು ಅಜ್ಜಿಗೆ ಗೊತ್ತೇ ಇರಲಿಲ್ಲ. ಹುಡುಗನಿಗೂ ತಿಳಿದಿದೆ ಎಂದುಕೊಂಡಿದ್ದ ಅವಳು ರಾಗಿ ಹಸನು ಮಾಡುವಷ್ಟು ಸಲೀಸಾಗಿ ಹೇಳಿದಳು. ಬೂಚಪ್ಪನಿಗಿಂತ ಮುಂಚೆ ಎರಡು ಮಕ್ಕಳು ಹುಟ್ಟಿದ್ದವು. ಒಂದು ಒಂಬತ್ತನೇ ದಿನ ಹೋಯಿತು, ಇನ್ನೊಂದು ಮೂರು ತಿಂಗಳು ತುಂಬಿದ ದಿನ. ಮೂರನೆಯದು ಹುಟ್ಟಿದಾಗ ಅಜ್ಜಿ ನಾಮಕರಣ, ತೊಟ್ಟಿಲು ಎರಡೂ ಬೇಡ ಎಂದಳು. ಮನುಷ್ಯರ ಮಗು ಎಂದು ಗೊತ್ತಾದರಲ್ಲವೇ ಕರೆದುಕೊಂಡು ಹೋಗುವವನು ಬರುವುದು? ರಾತ್ರೋರಾತ್ರಿ ಕೂಸನ್ನು ಕೊಟ್ಟಿಗೆಗೆ ಒಯ್ದು, ಎತ್ತುಗಳಿಗೆ ಹುಲ್ಲು ಹಾಕುವ ಗೊಂತಿನಲ್ಲಿ ಮಲಗಿಸಿದಳು. ನೊಗದ ಎಡಗಡೆಗೆ ಹೂಡುತ್ತಿದ್ದ ಬಿಳಿ ಎತ್ತಿನ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿದಳು. ಬೆಳಗಾದ ಮೇಲೆ, ಕರು ಹಾಕಿದೆ ಎಂದು ಊರಿಗೆ ಕೇಳುವಂತೆ ಹೇಳಿ, ಮಗುವನ್ನು ಮನೆಯೊಳಗೆ ತಂದಳು.

“ಮೂರು ತಿಂಗ್ಳು ತುಂಬಿದ್ ದಿನ ನಾನು ಕಣ್ಣು ಮುಚ್ನಿಲ್ಲ” ಎಂದಳು ಅಜ್ಜಿ. “ಬೆಳಗ್ಗೆ ಎದ್ದು ನೋಡ್ತೀನಿ, ಎತ್ತು ಮಕಾಡೆ ಬಿದ್ದೈತೆ. ಅದು ಇವ್ನ ಬದ್ಲು ಹೋಯ್ತು ಕಣಪ್ಪ. ಬಂದೋನು ಹೆಸ್ರು ಕೇಳ್ಕಂಡು ಬಂದು ಅದ್ನ ಕರ್ಕಂಡು ಹೋದ.”

ಮೇಷ್ಟ್ರು ಕರಿಯಪ್ಪನವರ ಕಡೆ ತಿರುಗಿ, ಹಾಗಾದರೆ ನಿಮ್ಮ ತಾತನವರ ಹೆಸರು ಏನು ಎಂದು ಮೆಲ್ಲಗೆ ಕೇಳಿದರು. ಕೆಂಪಯ್ಯ ಎಂದರು ಕರಿಯಪ್ಪ. ಬೂಚಪ್ಪನ ತಲೆಯೊಳಗೆ ಇಪ್ಪತ್ತು ವರ್ಷದ ಕುಂಕುಮದ ಬಣ್ಣದ ಮೆಣಸಿನಕಾಯಿಗಳೆಲ್ಲ ಒಮ್ಮೆಲೇ ಉದುರಿದವು.

ಮೇಷ್ಟ್ರು ನೋಟ್‌ಬುಕ್ ಮುಚ್ಚಿ, ಮಜ್ಜಿಗೆ ಕುಡಿದು, ಬಹಳ ಚೆನ್ನಾಗಿದೆ ಎಂದರು. ಮಜ್ಜಿಗೆಯ ಬಗ್ಗೆ.

ಮೇಷ್ಟ್ರನ್ನು ಬೈಕಿನಲ್ಲಿ ಅರಸೀಕೆರೆಗೆ ವಾಪಸ್ ಬಿಡುವಾಗ ಬೂಚಪ್ಪ ಗಾಳಿಗೆ ಎದುರಾಗಿ ವಾದ ಮಾಡಿದ. ಮೇಷ್ಟ್ರು ಹೊರಡುವ ಮೊದಲೇ ಅವನು ಅಜ್ಜಿಯನ್ನು ಕೇಳಿ ತಿಳಿದುಕೊಂಡಿದ್ದ, ಎತ್ತಿಗೆ ಆ ಹೆಸರು ಮನೆಯವರಿಟ್ಟದ್ದಲ್ಲ, ಮಾರಿದವರು ಇಟ್ಟದ್ದು, ಅವರು ಕೋರವಂಗಲದ ಕಡೆಯವರು ಎಂದು. ಅಂದರೆ ಮೊದಲನೆಯ ಬೂಚನ ಊರು. ಅಂದರೆ ಹೆಸರು ಅಲ್ಲಿಂದಲೇ ನಡೆದುಕೊಂಡು ಬಂದಿದೆಯಲ್ಲವೇ ಸಾರ್, ನಾಲ್ಕು ಕಾಲಿನಲ್ಲಿ ಬಂದರೇನು ಎಂದ. ಮೇಷ್ಟ್ರು ನೋಡೋಣ ಎಂದರು. ಹಿಂದೆ ಕೂತವರು ಸಾಮಾನ್ಯವಾಗಿ ಅವನ ಹೆಗಲು ಹಿಡಿದುಕೊಳ್ಳುತ್ತಿದ್ದರು. ಅಂದು ಸೀಟಿನ ಕಂಬಿ ಹಿಡಿದಿದ್ದರು.

ಅಂದು ಸಂಜೆ ಅಪ್ಪನೊಡನೆ ಅವನು ಮಾತಾಡಿದ. ಮಾತೆಂದರೆ ಒಂದೇ ಪ್ರಶ್ನೆ, ಯಾಕೆ ಸುಳ್ಳು ಹೇಳಿದಿರಿ ಎಂದು. ಕರಿಯಪ್ಪ ತೆಂಗಿನ ಗರಿ ಸೀಳುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

“ಎಂಟು ವರ್ಷದ ಹುಡ್ಗ ಅಳ್ತಾ ಬಂದವ್ನೆ. ಎತ್ತಿನ ಹೆಸ್ರು ಕಣ್ಲಾ ಅಂತ ಹೆಂಗ್ ಯೋಳ್ಲಿ? ಆವತ್ತು ಒಂದು ಯೋಳ್ದೆ. ಆಮೇಲೆ ಅದ್ನೇ ಯೋಳ್ಕಂಡು ಬಂದೆ. ನೀನು ಪುಸ್ತಕದವ್ರ ಕೈಗೆ ಸಿಕ್ತೀಯ ಅಂತ ನಂಗೇನು ಗೊತ್ತಿತ್ತು?”

ಊರಿನ ದೊಡ್ಡವರಿಗೆಲ್ಲ ಗೊತ್ತಿತ್ತು ಎಂಬುದು ಆಮೇಲೆ ಒಂದೊಂದಾಗಿ ತಿಳಿಯಿತು. ಪಕ್ಕದ ಮನೆಯ ರಾಮಣ್ಣ ಚಿಕ್ಕಂದಿನಲ್ಲಿ ಅವನ ಬೆನ್ನು ತಟ್ಟಿ ಮಾತಾಡಿಸುತ್ತಿದ್ದದ್ದು ಪ್ರೀತಿಯಿಂದ ಎಂದುಕೊಂಡಿದ್ದ. ಪ್ರೀತಿಯೇ ಇರಬಹುದು, ಆದರೆ ಯಾರ ಬೆನ್ನು ಎಂಬುದು ಈಗ ಅನುಮಾನವಾಯಿತು.

ಒಂದು ವಾರ ಕಳೆದ ಮೇಲೆ, ಬೂಚಪ್ಪ ನಿಜವಾಗಿಯೂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಮೇಷ್ಟ್ರು ಅಂಗಡಿಗೆ ಬಂದು ತಿದ್ದಿದ ಕರಡನ್ನು ಇಂದ್ರೇಶನ ಕೈಗೆ ಕೊಟ್ಟು ಹೋಗಿದ್ದರು. ಕೊನೆಯ ಅಧ್ಯಾಯದ ಆರೂ ಪುಟಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗೀಟು. ಪಕ್ಕದಲ್ಲಿ ಮೇಷ್ಟ್ರ ಗುಂಡಗಿನ ಅಕ್ಷರ: ‘ಇದನ್ನು ತೆಗೆಯುವುದು. ಬದಲಿಗೆ: ಹದಿನೇಳನೆಯ ಶತಮಾನದ ನಂತರ ಈ ಹೆಸರಿನವರು ಕಂಡುಬರುವುದಿಲ್ಲ. ಹೆಸರು ನಂದಿಹೋಗಿದೆ.’

ತೆಗೆಯಬೇಕಾದವನು ಯಾರು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅರಸೀಕೆರೆಯಲ್ಲಿ ಈ ಅಂಗಡಿಯಲ್ಲಿ ಈ ಕೆಲಸಕ್ಕೆ ಇರುವವನು ಒಬ್ಬನೇ. ಎದುರಿಗೆ ಹೇಳಲಾಗದ್ದನ್ನು ಅವನ ಕೈಯಿಂದಲೇ ಟೈಪ್ ಮಾಡಿಸುವ ದಾರಿ ಕಂಡುಕೊಂಡಿದ್ದರು. ಬೂಚಪ್ಪ ಫೋನ್ ಮಾಡಿದ.

“ಸಾರ್, ಕರೆಕ್ಷನ್ ಬಂತು.”

“ಹಾಂ, ಹಾಂ. ನೋಡಪ್ಪ, ಪುಸ್ತಕ ಅಂದ್ಮೇಲೆ ಆಧಾರ ಬೇಕಾಗುತ್ತೆ. ಎತ್ತಿನ ಮೂಲಕ ವಂಶ ಹೇಳೋಕಾಗಲ್ಲ.”

“ಅದು ಸರಿ ಸಾರ್. ವಂಶದ್ದು ಅಂತ ಬೇಡ. ಹೆಸರು ನಂದಿಹೋಗಿದೆ ಅಂತ ಬರೆದಿದೀರಲ್ಲ? ನಾನು ಇದೀನಲ್ಲ ಸಾರ್.”

ಆ ಕಡೆ ಮೇಷ್ಟ್ರು ಟಿವಿಯ ಸದ್ದು ತಗ್ಗಿಸಿದರು.

“ನೀನು ಇದೀಯ, ಇಲ್ಲ ಅಂದೋರು ಯಾರು” ಎಂದರು ಮೇಷ್ಟ್ರು. “ಪುಸ್ತಕದಲ್ಲಿ ಇಲ್ಲ ಅಷ್ಟೇ.”

ಶಾಲಿನ ಮಾತು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಬೂಚಪ್ಪ ಆರು ಪುಟಗಳನ್ನು ಒಟ್ಟಿಗೆ ಆರಿಸಿ ಅಳಿಸಿದ. ಆರು ಪುಟ ಟೈಪ್ ಮಾಡಲು ಎರಡು ದಿನ ಹಿಡಿದಿತ್ತು. ಅಳಿಸಲು ಒಂದು ಕೀಲಿ. ಫ್ಲೆಕ್ಸಿನಲ್ಲಿ ತನ್ನ ಚಿತ್ರವಿದ್ದ ಲೇಯರನ್ನು ತೆಗೆದಾಗ ನಡುವೆ ಖಾಲಿ ಜಾಗ ಉಳಿಯಿತು. ಅಲ್ಲಿಗೆ ಮೇಷ್ಟ್ರನ್ನೇ ಎಳೆದು ಸ್ವಲ್ಪ ದೊಡ್ಡದು ಮಾಡಿದ. ಕೆಲಸ ಕೆಡಿಸುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

ಬದಲಿ ಸಾಲನ್ನು ಟೈಪ್ ಮಾಡುವಾಗ ಅವನಿಗೆ ಏಳನೆಯ ಬೂಚನ ನೆನಪಾಯಿತು. ಸಾಕ್ಷಿಯಾಗಿ ನಿಂತ ಆ ಮನುಷ್ಯನಿಗೆ ಹೆಸರು ಎಲ್ಲಿಂದ ಬಂತು ಎಂದು ಮೇಷ್ಟ್ರು ಕೇಳಿರಲಿಲ್ಲ. ಅವನ ಅಜ್ಜಿ ಏಳುನೂರು ವರ್ಷದ ಕೆಳಗೇ ತೀರಿಕೊಂಡು ಅವನನ್ನು ಉಳಿಸಿದ್ದಳು. ಆ ಹನ್ನೊಂದು ಜನರಲ್ಲಿ ಎಷ್ಟು ಮಂದಿ ಗೊಂತಿನಲ್ಲಿ ಮಲಗಿ ಎದ್ದವರೋ ಯಾರಿಗೆ ಗೊತ್ತು? ಕಲ್ಲಿಗೆ ಸಿಕ್ಕಿದವರು ಬಚಾವಾದರು. ತನ್ನ ಅಜ್ಜಿ ಮಾತ್ರ ಇನ್ನೂ ಬದುಕಿದ್ದಳು, ಬಾಯಿಯೂ ಗಟ್ಟಿಯಾಗಿತ್ತು.

ಪುಸ್ತಕದ ಆರಂಭದಲ್ಲಿ, ಪ್ರತಿಗಳೆಷ್ಟು, ಮುದ್ರಕರು ಯಾರು ಎಂದೆಲ್ಲ ಇರುವ ಪುಟವೊಂದುಂಟು. ಯಾರೂ ಓದದ ಪುಟ. ಅಕ್ಷರ ಜೋಡಿಸಿದವನ ಹೆಸರನ್ನು ಹಾಕುವ ರೂಢಿ ಅಲ್ಲಿದೆ. ‘ಅಕ್ಷರ ಜೋಡಣೆ: ಎಚ್.ಕೆ. ಬೂಚಪ್ಪ, ಅರಸೀಕೆರೆ’ ಎಂದು ಅವನು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಹಾಕಿದ. ಒಳಗಡೆ ಹೆಸರು ನಂದಿಹೋಗಿರಲಿ, ಹೊಸ್ತಿಲಲ್ಲಿ ಒಂದು ಕಿಡಿ ಇರಲಿ ಎಂದು. ಕೊನೆಯ ಕರಡು ಮೇಷ್ಟ್ರ ಮನೆಗೆ ಹೋಗಿ ಬಂತು. ತೊಂಬತ್ತು ಪುಟದಲ್ಲಿ ಬೇರೆಲ್ಲೂ ತಪ್ಪಿರಲಿಲ್ಲ. ಆ ಒಂದು ಸಾಲಿನ ಮೇಲೆ ಮಾತ್ರ ಕೆಂಪು ಪೆನ್ಸಿಲ್ ಓಡಿತ್ತು. ‘ಓದುಗರಿಗೆ ಗೊಂದಲವಾಗುತ್ತದೆ. ಅಂಗಡಿಯ ಹೆಸರು ಸಾಕು.’

ಅಂದು ಅವನು ‘ಭುವನ್ ಫೈನಲ್’ ಅನ್ನು ಮತ್ತೆ ಟೈಪ್ ಮಾಡಿದ. ಕಂಠಪಾಠವಾಗಿತ್ತು. ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ, ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು ಅಜ್ಜಿಯ ಮುಂದೆ ಹೇಳಿದ. ಅವಳನ್ನು ನೋಯಿಸಬೇಕೆಂದೇ ಹೇಳಿದ್ದು. ಅವಳಿಗೆ ನೋವಾಗಲಿಲ್ಲ, ಹೆದರಿಕೆಯಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವನ ಕೈ ಹಿಡಿದುಕೊಂಡಳು.

“ಬ್ಯಾಡ ಕಣ್ಲಾ. ಅವ್ನಿಗೆ ಇನ್ನೂ ಗೊತ್ತಿಲ್ಲ. ನೀನು ಬ್ಯಾರೆ ಅಂದ್ರೆ ತಿರ್ಗಾ ಹುಡೀಕ್ಕಂಡು ಬತ್ತಾನೆ.”

ಇಪ್ಪತ್ತೊಂದನೆಯ ಶತಮಾನದ ಕಂಪ್ಯೂಟರ್ ಆಪರೇಟರ್ ಅದಕ್ಕೆ ನಗಬೇಕಿತ್ತು. ನಗಲು ಬಾಯಿ ತೆರೆದ. ಆದರೆ ಆ ರಾತ್ರಿ ಕಾಗದವನ್ನು ಒಲೆಗೆ ಹಾಕಿದವನು ಅವನೇ. ಹೆಸರಿನಲ್ಲಿ ಇದ್ದ ಮರ್ಯಾದೆಯನ್ನು ಎಲ್ಲರೂ ಸೇರಿ ಕಿತ್ತುಕೊಂಡಿದ್ದರು, ಹೆಸರನ್ನು ಮಾತ್ರ ಅವನ ಕೊರಳಲ್ಲೇ ಬಿಟ್ಟಿದ್ದರು. ಅಜ್ಜಿಯ ಮೇಲೆ ಅವನಿಗೆ ಸಿಟ್ಟು ಹೋಗಿರಲಿಲ್ಲ. ಅವಳು ಬದುಕಿಸಿದ್ದಳು ನಿಜ, ಆದರೆ ಯಾರ ಲೆಕ್ಕದಲ್ಲಿ ಬದುಕಿದ್ದೇನೆ ಎಂದು ಅವನಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಪುಸ್ತಕ ಬಿಡುಗಡೆ ಹಳೇಬೀಡಿನ ಒಂದು ಸಮುದಾಯ ಭವನದಲ್ಲಿ ನಡೆಯಿತು. ಬೂಚಪ್ಪನಿಗೆ ಆಹ್ವಾನವೇನೂ ಇರಲಿಲ್ಲ. ಪುಸ್ತಕದ ಬಂಡಲ್‌ಗಳನ್ನು ಇಂದ್ರೇಶನ ಜೊತೆ ಆಟೋದಲ್ಲಿ ತಂದಿದ್ದ. ಬೇರೆ ಒಗೆದದ್ದು ಇಲ್ಲದೆ ಬಿಳಿ ಅಂಗಿಯನ್ನೇ ಹಾಕಿಕೊಂಡಿದ್ದ. ಗೋಡೆಯ ಫ್ಲೆಕ್ಸಿನಲ್ಲಿ ಮೇಷ್ಟ್ರು ನಡುವೆ ನಿಂತಿದ್ದರು. ವೇದಿಕೆಯ ಮೇಲೆ ಮೂರು ಜನರಿಗೆ ಶಾಲು ಹೊದಿಸಿದರು. ಅದರಲ್ಲಿ ಒಬ್ಬರು ಭವನವನ್ನು ಕೊಟ್ಟವರು, ಇನ್ನೊಬ್ಬರು ಊಟ ಕೊಟ್ಟವರು, ಮೂರನೆಯವರು ಯಾರೆಂದು ಬೂಚಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

ಅವನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಗೋಡೆಗೆ ಒರಗಿ ನಿಂತಿದ್ದ. ಮೇಷ್ಟ್ರು ಚೆನ್ನಾಗಿಯೇ ಮಾತಾಡಿದರು. ದನಗಳಿಗಾಗಿ ಪ್ರಾಣ ಬಿಟ್ಟ ಎರಡನೆಯ ಬೂಚನ ಬಗ್ಗೆ ಹೇಳುವಾಗ ಮೈಕ್ ಬಿಟ್ಟು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು, ಬೂಚಪ್ಪನೂ ತಟ್ಟಿದ. ಕೊನೆಗೆ ಮೇಷ್ಟ್ರು ಕಾಗದ ಎತ್ತಿಕೊಂಡು ನಿಧಾನವಾಗಿ ಓದಿದರು.

“ಶತಮಾನಗಳ ಕಾಲ ಈ ನೆಲದಲ್ಲಿ ಓಡಾಡಿದ ಆ ಹೆಸರು ಇಂದು ನಂದಿಹೋಗಿದೆ. ಆ ಹೆಸರಿನಿಂದ ಕರೆದರೆ ಓಗೊಡುವವರು ಇಂದು ನಮ್ಮ ನಡುವೆ ಒಬ್ಬರೂ ಇಲ್ಲ.”

ಸಭೆ ಗಂಭೀರವಾಗಿ ಸುಮ್ಮನಾಯಿತು. ಆ ಮೌನದಲ್ಲಿ ಹೊರಗಿನಿಂದ, ಆಟೋದವನ ಜೊತೆ ಜಗಳ ಮುಗಿಸಿದ ಇಂದ್ರೇಶ ಕೂಗಿದ್ದು ಎಲ್ಲರಿಗೂ ಕೇಳಿಸಿತು.

“ಲೋ ಬೂಚಪ್ಪಾ, ಇನ್ನೊಂದು ಬಂಡಲ್ ಆಟೋದಲ್ಲೇ ಐತೆ, ತಗಂಬಾರ್ಲಾ.”

ಕೆಲವರು ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು. ಮೇಷ್ಟ್ರು ತಲೆ ಎತ್ತಿದರು. ಅಷ್ಟು ದೂರದಿಂದಲೂ ಇಬ್ಬರ ಕಣ್ಣು ಕೂಡಿತು. ಬೂಚಪ್ಪ ಕಾದ. ಒಂದು ಮಾತು ಬೇಕಿರಲಿಲ್ಲ, ಒಂದು ನಗು ಸಾಕಾಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಕಾಗದದ ಪುಟ ತಿರುಗಿಸಿದರು.

“ಬಂದೆ ಅಣ್ಣಾ” ಎಂದ ಬೂಚಪ್ಪ, ಸ್ವಲ್ಪ ಗಟ್ಟಿಯಾಗಿಯೇ.

ಹೊರಗೆ ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಆಟೋದ ಹಿಂದೆ ಬಗ್ಗಿ, ನೂರು ಪುಸ್ತಕದ ಬಂಡಲನ್ನು ಎಳೆದು ಹೆಗಲಿಗೆ ಏರಿಸಿದ. ಅದು ತಾನಾಗಿ, ನೊಗದ ಹಾಗೆ, ಎಡ ಹೆಗಲಿಗೇ ಬಂದು ಕೂತಿತು.